ಸಂಜೆ ಪಾಠ

ನಮ್ಮ ಹೆಡ್‌ಮಿಸ್ಸಿನ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿಯಿತ್ತು. ‘ಸ’ ಅಂದಾಗಲೆಲ್ಲ ಅಲ್ಲಿಂದ ಸಣ್ಣ ಸೀಟಿ ಹೊರಡುತ್ತಿತ್ತು. ‘ಸಾಲಾಗಿ ನಿಂತ್ಕೊಳಿ’ ಎಂದು ಗದರಿದರೆ ನಾವೆಲ್ಲ ಕಿಸಕ್ಕನೆ ನಗುತ್ತಿದ್ದೆವು, ಅವರೂ ಬಾಯಿಗೆ ಸೆರಗು ಹಿಡಿದು ನಕ್ಕುಬಿಡುತ್ತಿದ್ದರು.

ಆಗ ನಾನೂ ಅವ್ವನೂ ಲಷ್ಕರ್ ಮೊಹಲ್ಲಾದ ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಮಲಗುತ್ತಿದ್ದೆವು. ವಿಳಾಸವಿಲ್ಲವೆಂದು ಬೇರೆ ಶಾಲೆಗಳು ನಮ್ಮನ್ನು ಗೇಟಿನಲ್ಲೇ ಸಾಗಹಾಕಿದ್ದವು. ಹೆಡ್‌ಮಿಸ್ಸು ಮಾತ್ರ ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ, “ಕಾಯ್ದೇಲಿ ಮಗು ಅಂತ ಬರ್ದಿದೆ ಕಣಮ್ಮ, ಮನೆ ಇರೋ ಮಗು ಅಂತ ಬರ್ದಿಲ್ಲ” ಎಂದು ನನ್ನನ್ನು ಸೇರಿಸಿಕೊಂಡರು.

ಒಮ್ಮೆ ಹೋಂವರ್ಕ್ ಮಾಡಿಲ್ಲವೆಂದು ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಮನೇಲಿ ಕೂತು ಏನು ಮಾಡ್ತಿದ್ದೆ ಎಂದು ಕೇಳಿದರು. ಮನೆಯಿದ್ದರೆ ತಾನೆ? ಅಂದಿನಿಂದ ಹೆಡ್‌ಮಿಸ್ಸು ಹೋಂವರ್ಕ್ ಎಂಬ ಮಾತನ್ನೇ ಶಾಲೆಯಲ್ಲಿ ನಿಲ್ಲಿಸಿದರು. ಎಲ್ಲರಿಗೂ ಅದು ‘ಸಂಜೆ ಪಾಠ’. ಶಾಲೆ ಬಿಟ್ಟ ಮೇಲೂ ಒಂದು ಕೋಣೆ ತೆರೆದಿರುತ್ತಿತ್ತು, ಬೇಕಾದವರು ಅಲ್ಲೇ ಕೂತು ಬರೆಯಬಹುದು. ಸೀಟಿ ಹೊಡೆಯುವ ಹೆಸರನ್ನೇ ಯಾಕೆ ಇಟ್ಟರೋ, ಪುಣ್ಯಾತ್ಗಿತ್ತಿ.

ಮುಂದೆ ಅಂಗಡಿಯವರು ಮೆಟ್ಟಿಲಿಗೆ ಕಬ್ಬಿಣದ ಗೇಟು ಹಾಕಿಸಿದರು. ಅವ್ವ ಹೆಬ್ಬಾಳದ ಕಡೆ ಗಾರೆ ಕೆಲಸ ಹಿಡಿದಳು, ನಾವು ಅಲ್ಲಿನ ತಗಡಿನ ಶೆಡ್ಡಿಗೆ ಹೋದೆವು. ಶಾಲೆ ಮುಗಿಯಿತು ಅಂದುಕೊಂಡೆ. ಒಂದು ಮಧ್ಯಾಹ್ನ ಹೆಡ್‌ಮಿಸ್ಸು ಜಲ್ಲಿಯ ರಾಶಿ ದಾಟಿಕೊಂಡು ಬಂದರು. ಎಷ್ಟು ಕಟ್ಟಡ ಹುಡುಕಿದ್ದರೋ, ಚಪ್ಪಲಿಯೆಲ್ಲ ಸಿಮೆಂಟು.

“ಮಲಗೋ ಜಾಗ ಬದಲಾದ್ರೆ ಸ್ಕೂಲ್ ಯಾಕಮ್ಮ ಬದಲಾಗ್ಬೇಕು? ರಿಜಿಸ್ಟರ್‌ನಲ್ಲಿ ಹೆಸರು ಹಂಗೇ ಇದೆ, ನಾಳೆಯಿಂದ ಕಳ್ಸು.”

ಬಸ್ ಪಾಸನ್ನೂ ಅವರೇ ಓಡಾಡಿ ಮಾಡಿಸಿದರು. ನಾನು ಓದಿದೆ. ಇಂದು ಆಸ್ಪತ್ರೆಯೊಂದರಲ್ಲಿ ನರ್ಸು.

ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ತಡವಾಗಿ. ಒಂಟಿಕೊಪ್ಪಲಿನ ಮನೆಗೆ ಹೋದಾಗ ಅವರ ತಂಗಿ ಎಲ್ಲ ಹೇಳಿದರು. ನಿವೃತ್ತಿಯಾದ ಮೇಲೂ ಒಬ್ಬರೇ ಕಟ್ಟಡಗಳ ಬಳಿ ಹೋಗಿ ಮಕ್ಕಳನ್ನು ವಿಚಾರಿಸುತ್ತಿದ್ದರಂತೆ. ಒಂದು ಕಡೆ ಪುಟ್ಟ ಹುಡುಗಿಯ ಕೈ ಹಿಡಿದು ‘ಸ್ಕೂಲಿಗೆ ಬರ್ತೀಯಾ’ ಎಂದು ಕೇಳಿದ್ದಾರೆ. ಮಕ್ಕಳ ಕಳ್ಳಿ ಎಂದು ಯಾರೋ ಕೂಗಿದರು, ಜನ ಸೇರಿದರು. ತಾನು ಟೀಚರ್ ಎಂದರೆ, ಯಾವ ಸ್ಕೂಲು ಎಂದು ಕೇಳಿದರು. ಈಗ ಯಾವುದೂ ಇಲ್ಲ ಎಂದು ನಿಜವನ್ನೇ ಹೇಳಿದರಂತೆ. ತಳ್ಳಾಟದಲ್ಲಿ ಬಿದ್ದು ಸೊಂಟ ಮುರಿಯಿತು. ಮತ್ತೆ ಏಳಲಿಲ್ಲ.

ತಂಗಿ ಆ ಜನರನ್ನು ಶಪಿಸಿದಾಗ ಹಾಸಿಗೆಯಲ್ಲಿದ್ದ ಹೆಡ್‌ಮಿಸ್ಸೇ ತಡೆದರಂತೆ: “ಬೈಬೇಡ ಕಣೇ. ಅವರ ಮಕ್ಕಳ ಭಯ ಅವರಿಗೆ.”

ಆ ಹುಡುಗಿ ಆಮೇಲೆ ಶಾಲೆಗೆ ಸೇರಿದಳೇ ಎಂದು ಕೇಳಿದೆ. ಯಾರಿಗೆ ಗೊತ್ತು ಎಂದರು. ನನ್ನಂಥ ಎಷ್ಟೋ ಮಕ್ಕಳನ್ನು ಹುಡುಕಿ ತಂದು ಓದಿಸಿದರು. ಅವತ್ತು ಆ ಗುಂಪಿನೊಳಗೆ ನುಗ್ಗಿ ‘ಇವರು ನಮ್ಮ ಹೆಡ್‌ಮಿಸ್ಸು’ ಅನ್ನಲು ನಮ್ಮಲ್ಲಿ ಒಬ್ಬರೂ ಅಲ್ಲಿರಲಿಲ್ಲ.