ಸಂಬಳಕ್ಕೆ ಕದಿಯುವ ಭಾವ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಶ್ವವಿದ್ಯಾಲಯದ ಖಾಲಿ ತರಗತಿಯಲ್ಲಿ ಅಟೆಂಡರ್ ಒಬ್ಬರು ಮೇಜಿನ ಮೇಲಿನ ಕೈಚೀಲ ಕಿತ್ತುಕೊಂಡು ಬಾಗಿಲತ್ತ ಓಡುತ್ತಾರೆ. ಹೊಸ್ತಿಲಲ್ಲಿ ಮುಗ್ಗರಿಸುತ್ತಾರೆ. “ಥತ್, ಹೊಸ ಶೂ ಇನ್ನೂ ಪಳಗಿಲ್ಲ” ಎಂದು ಗೊಣಗಿ, ಚೀಲ ವಾಪಸಿಟ್ಟು ಮತ್ತೆ ಕದಿಯುತ್ತಾರೆ. ಗಾಬರಿಯಾಗಬೇಡಿ, ಇದು ಅವರ ಕೆಲಸ!

ಅಪರಾಧಶಾಸ್ತ್ರ ವಿಭಾಗದ ಬೀಗ ತೆಗೆಯುವುದು, ಬೋರ್ಡು ಒರೆಸುವುದು ಇವರ ಪಾಲು. ಜೊತೆಗೆ, ಹೊಸ ವಿದ್ಯಾರ್ಥಿಗಳಿಗೆ ಪಾಠ ನಡೆಯುವಾಗ ನುಗ್ಗಿ ಪ್ರೊಫೆಸರ್ ಮೇಡಂ ಚೀಲ ಎತ್ತಿಕೊಂಡು ಓಡುವುದೂ ಇವರದೇ. ಕಣ್ಣಾರೆ ಕಂಡವರ ನೆನಪನ್ನು ಎಷ್ಟು ನಂಬಬಹುದೆಂದು ಪರೀಕ್ಷಿಸಲು ಮೇಡಂ ಆಮೇಲೆ ವಿದ್ಯಾರ್ಥಿಗಳಿಗೆ ಆರು ಫೋಟೋ ತೋರಿಸಿ ‘ಕಳ್ಳ ಯಾರು?’ ಎಂದು ಕೇಳುತ್ತಾರೆ. ಎಷ್ಟೋ ಸಲ ಅದರಲ್ಲಿ ಇವರ ಫೋಟೋ ಬೇಕೆಂದೇ ಇಟ್ಟಿರುವುದಿಲ್ಲ.

“ನಾನು ಅಲ್ಲಿ ಇಲ್ವೇ ಇಲ್ಲ! ಆದ್ರೂ ಯಾವನೋ ಪಾಪದವನ ಮೇಲೆ ಬೆರಳಿಟ್ಟು, ಇವನೇ, ಕಣ್ಣಾರೆ ನೋಡಿದೀವಿ ಅಂತಾರೆ. ತಲೆಬುಡ ಅರ್ಥ ಆಗಲ್ಲ ನಂಗೆ” ಎಂದು ತಲೆ ಕೆರೆದುಕೊಳ್ಳುತ್ತಾರೆ. ಸಿಕ್ಕಿಬೀಳದಿದ್ದರೆ ತಾವು ಗೆದ್ದಂತೋ ಸೋತಂತೋ, ಅದೂ ಅವರಿಗೆ ಗೊತ್ತಿಲ್ಲ.

ಮನೆಯಲ್ಲಂತೂ ಈ ಕೆಲಸಕ್ಕೆ ಮರ್ಯಾದೆ ಅಷ್ಟಕ್ಕಷ್ಟೆ. ಕೊರಿಯರ್ ಹಂಚುವ ಭಾಮೈದ ಊಟಕ್ಕೆ ಕೂತಾಗಲೆಲ್ಲ ‘ಕಳ್ಳ ಭಾವ’ ಎಂದು ಛೇಡಿಸುತ್ತಿದ್ದ.

ಕಳೆದ ತಿಂಗಳು ಪೊಲೀಸರು ಅವನನ್ನೇ ಎತ್ತಿಕೊಂಡು ಹೋದರು. ಔಷಧಿ ಅಂಗಡಿ ದೋಚಿದವನಿಗೂ ಅವನ ಹಾಗೇ ಗಡ್ಡವಿತ್ತಂತೆ. “ರೀ, ಎಲ್ಲರೆದುರು ಕದಿಯೋ ನಿಮ್ಮನ್ನ ಯಾರೂ ಹಿಡಿಯಲ್ಲ, ಏನೂ ಮಾಡದ ನನ್ನ ತಮ್ಮನ್ನ ಹಿಡೀತಾರೆ. ಇದ್ಯಾವ ನ್ಯಾಯ?” ಎಂದು ಹೆಂಡತಿ ಅತ್ತರು. ಇವರಿಗೆ ತರಗತಿಯ ಆ ಬೆರಳುಗಳೆಲ್ಲ ನೆನಪಾದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಅವತ್ತು ಮನೆಗೇ ಬಂತು.

ಪುಣ್ಯಕ್ಕೆ, ಈ ವಿಭಾಗದ ಸಂಶೋಧನೆ ನೋಡಿ ಆ ಠಾಣೆ ತನ್ನ ಪದ್ಧತಿ ಬದಲಿಸಿಕೊಂಡಿತ್ತು. ಅನುಮಾನ ಯಾರ ಮೇಲೆಂಬುದು ಫೋಟೋ ತೋರಿಸುವ ಪೊಲೀಸರಿಗೇ ಗೊತ್ತಿರಬಾರದು. ‘ಕಳ್ಳ ಇದರಲ್ಲಿ ಇಲ್ಲದೆಯೂ ಇರಬಹುದು’ ಎಂದು ಮೊದಲೇ ಹೇಳಬೇಕು. ಅಂಗಡಿಯಾಕೆ ಭಾಮೈದನದೂ ಸೇರಿ ಒಂದೊಂದೇ ಫೋಟೋ ನೋಡಿ, “ಇವರ್ಯಾರೂ ಅಲ್ಲ” ಎಂದರು. ಸಂಜೆಗೆ ಭಾಮೈದ ಮನೆಗೆ ಬಂದ. ಅಸಲಿ ಕಳ್ಳ ಆಮೇಲೆ ಬೇರೆಲ್ಲೋ ಸಿಕ್ಕ.

“ನನ್ನ ಓಟಕ್ಕೂ ಅವನ ಬಿಡುಗಡೆಗೂ ಸಂಬಂಧ ಇದೆ ಅಂತಾರೆ ಮೇಡಂ. ಇರಬಹುದೇನೋಪ್ಪ. ನಂಗಿನ್ನೂ ಗೊಂದಲಾನೇ.”

ಭಾಮೈದನಿಗೆ ಗೊಂದಲವಿಲ್ಲ. ಮೊನ್ನೆ ಹೊಸ ಶೂ ತಂದು ಇವರ ಕಾಲ ಬಳಿ ಇಟ್ಟ.

“ಹಳೇ ಚಪ್ಪಲೀಲಿ ಓಡ್ಬೇಡಿ ಭಾವ, ಬೀಳ್ತೀರಿ” ಎಂದ. “ನೆಟ್ಟಗೆ ಕದೀರಿ.”