ಫಕೀರವ್ವನ ಕೈಗೆ ಸಿಗದ ತಲೆ

ಚವರಿ ಫಕೀರವ್ವ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಮೊದಲು ತಲೆ, ಆಮೇಲೆ ಮುಖ, ಮನಸ್ಸು ಬಂದರೆ ಮಾತು. ಬಾಗಿಲಿಗೆ ಬಂದವಳ ಸೆರಗು ಸರಿಸಿ, ನೆತ್ತಿಯ ಮೇಲೆ ಎರಡು ಬೆರಳಾಡಿಸಿ, "ಮೂರು ತಿಂಗಳಾತಲ್ಲ, ಅತ್ತೀಗೆ ಹೇಳೀಯೋ ಇಲ್ಲೋ?" ಎಂದುಬಿಡುತ್ತಿದ್ದಳು. ಸೊಸೆ ನಾಚಿ ಒಳಗೆ ಓಡುತ್ತಿದ್ದಳು, ಅತ್ತೆ ಪಡಸಾಲೆಯಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಹೆಂಗಸರು ಬಾಯಲ್ಲಿ ಸುಳ್ಳು ಹೇಳಬಲ್ಲರು, ಅವರ ಕೂದಲಿಗೆ ಆ ವಿದ್ಯೆ ಬರುವುದಿಲ್ಲ ಎಂಬುದು ಅವಳ ನಂಬಿಕೆ.

ಅವಳ ಕಸುಬು ಉದುರಿದ ಕೂದಲು ಕೊಳ್ಳುವುದು. ಆಗೆಲ್ಲ ಹೆಂಗಸರು ತಲೆ ಬಾಚಿಕೊಂಡಾಗ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ತುರುಕಿಡುತ್ತಿದ್ದರು. ಫಕೀರವ್ವ ಆ ಉಂಡೆ ತೆಗೆದುಕೊಂಡು ಬದಲಿಗೆ ಸೂಜಿಯನ್ನೋ ಮಣಿಯನ್ನೋ ಕೊಡುತ್ತಿದ್ದಳು. ಮನೆಗೆ ಒಯ್ದು ಅಂಟುವಾಳದಲ್ಲಿ ತೊಳೆದು, ಎಳೆ ಎಳೆಯಾಗಿ ಬಿಡಿಸಿ, ಉದ್ದ ನೋಡಿ ಜೋಡಿಸಿ ಚವರಿ ಕಟ್ಟುತ್ತಿದ್ದಳು. ತೆಳ್ಳಗಿನ ಜಡೆಯವರು ಮದುವೆಗಳಲ್ಲಿ ಆ ಚವರಿ ಸೇರಿಸಿ ಹೆಣೆದುಕೊಂಡು ಮೆರೆಯುತ್ತಿದ್ದರು. "ಬ್ರಾಹ್ಮಣರ ಓಣಿ ಕೂದಲ, ಕುರುಬರ ಓಣಿ ಕೂದಲ, ಸಾಬರ ಓಣಿ ಕೂದಲ, ಎಲ್ಲಾ ಒಂದ ಗಂಟಿನ್ಯಾಗ ಕುಂತಾವ. ಜಗಳಾಡಿದ್ದು ನಾ ಇನ್ನೂ ಕೇಳಿಲ್ಲ" ಎನ್ನುತ್ತಿದ್ದಳು.

ನಮ್ಮದು ಕೊಪ್ಪಳಕ್ಕೂ ಯಲಬುರ್ಗಾಕ್ಕೂ ನಡುವಿನ ಒಂದು ಎರೆನೆಲದ ಊರು. ಅವಳ ಮನೆ ಕೊಪ್ಪಳದ ಮಗ್ಗುಲಿಗೆ, ಈಗ ಭಾಗ್ಯನಗರ ಎನ್ನುತ್ತಾರಲ್ಲ, ಆ ಕಡೆ. ತಿಂಗಳಿಗೊಮ್ಮೆ ಇಮಾಮಸಾಬನ ಬಂಡಿಯಲ್ಲಿ ಬರುತ್ತಿದ್ದಳು. ಇಮಾಮಸಾಬ ಅವಳಿಗೆ ಏನಾಗಬೇಕು ಎಂಬುದು ಊರಿನ ಹೆಂಗಸರ ದೊಡ್ಡ ಚಿಂತೆ. ನಿಕಾಹ ಆಗಿರಲಿಲ್ಲ, ತಾಳಿಯೂ ಇರಲಿಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ಮಾತ್ರ ಎಲ್ಲರೂ ನೋಡಿದ್ದರು. ಯಾರೋ ಕೇಳಿಯೇಬಿಟ್ಟರು: "ಆತ ನಿನ್ನ ಗಂಡೇನು?" ಫಕೀರವ್ವ ಸೂಜಿ ಎಣಿಸುತ್ತಲೇ ಹೇಳಿದಳು: "ಗಂಡ ಅಲ್ಲವಾ. ಮನಸಿನಾಂವ. ನಿಮ್ಮನ್ಯಾಗ ಇರಾಂವ ಗಂಡ ಅದಾನಲ್ಲ, ಅವನ್ನ ನೀನ ಇಟಗೋ." ಆಮೇಲೆ ಯಾರೂ ಕೇಳಲಿಲ್ಲ.

ನಾನು ದೊಡ್ಡವಳಾದಾಗ ಅವ್ವ ನನಗೆ ಒಂದು ಮಾತನ್ನೂ ಹೇಳಲಿಲ್ಲ. ಎಮ್ಮೆಯ ಗೋದಲಿಯ ಪಕ್ಕ ಒಂದು ಚಾಪೆ ಹಾಸಿ, "ಏನೂ ಮುಟ್ಟಬ್ಯಾಡ" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದಳು. ನನಗೆ ಸಾಯುವ ರೋಗ ಬಂದಿದೆ ಎಂದೇ ತಿಳಿದು ಅಳುತ್ತ ಕೂತಿದ್ದೆ. ಅವತ್ತೇ ಬಂದಿದ್ದ ಫಕೀರವ್ವ ಸೀದಾ ಒಳಗೆ ಬಂದು ನನ್ನ ಚಾಪೆಯ ಮೇಲೆಯೇ ಕೂತಳು. ಹೊರಗಿನಿಂದ ಅವ್ವ, "ಏ, ಮುಟ್ಟಾತು" ಎಂದಳು. "ಹೊರಗಾದಾಕಿ ಕೂದಲಕ್ಕ ಬ್ಯಾರೆ ಬಣ್ಣ ಬಂದಿಲ್ಲ ಬಿಡ ನಿಂಗವ್ವ, ನಾ ನೋಡೇನಿ" ಎಂದ ಫಕೀರವ್ವ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ, ಇದು ಏನು, ಯಾಕೆ, ಎಷ್ಟು ದಿನ ಎಂದು ಎಲ್ಲ ಹೇಳಿದಳು. ಅಡುಗೆ ಹೇಳಿಕೊಟ್ಟಷ್ಟು ಸರಳವಾಗಿ ಹೇಳಿದಳು. ಅವ್ವನ ಮೇಲೆ ನನಗೆ ಅವತ್ತು ಹುಟ್ಟಿದ ಸಿಟ್ಟು ಬಹಳ ದಿನ ಇತ್ತು.

ಅವ್ವನೂ ಪಾಪ. ನನಗಿಂತ ಮೊದಲು ಹುಟ್ಟಿದ ಮೂವರನ್ನು ಮಣ್ಣಿಗಿಟ್ಟಿದ್ದಳು, ಅವರ ಹಿಂದೆಯೇ ಅಪ್ಪನನ್ನೂ. ಉಳಿದವಳು ನಾನೊಬ್ಬಳು. ದೇವರೆಂದರೆ ಅವಳಿಗೆ ಭಕ್ತಿಗಿಂತ ಹೆದರಿಕೆ. ಊರ ಗುಡ್ಡದ ಮೇಲಿನ ದೇವಿಯನ್ನು ಗುಡ್ಡದವ್ವ ಎನ್ನುತ್ತಿದ್ದೆವು. ಆ ಗುಡ್ಡದ ದಿಕ್ಕಿಗೆ ಕಾಲು ಚಾಚಿ ಮಲಗಿದ್ದಕ್ಕೆ ನಾನು ಏಟು ತಿಂದಿದ್ದೇನೆ.

ಮರುವರ್ಷ ನನಗೆ ಜ್ವರ ಬಂತು. ಒಂದೂವರೆ ತಿಂಗಳು ಎದ್ದು ಕೂರಲಿಲ್ಲ. ಜ್ವರದವರ ತಲೆಗೆ ನೀರು ಹಾಕಬಾರದು ಎಂದು ಹಾಕಲಿಲ್ಲ. ಅವ್ವ ದಿನಕ್ಕೆರಡು ಸಲ ಬೇವಿನ ಸೊಪ್ಪು ಅರೆದು, ಗುಡ್ಡದವ್ವನ ಭಂಡಾರ ಬೆರೆಸಿ ನನ್ನ ನೆತ್ತಿಗೆ ಮೆತ್ತುತ್ತಿದ್ದಳು. ಭಂಡಾರವೆಂದರೆ ದೇವಿಯ ಪಾದದ ಅರಿಶಿನ. ಮೆತ್ತುತ್ತ ಹೇಳಿದ ಮಾತು ಆ ಮಂಪರಿನಲ್ಲೂ ನನ್ನ ಕಿವಿಗೆ ಬಿದ್ದಿತ್ತು: "ಈಕಿನ್ನ ಉಳಸು ತಾಯಿ. ಉಳದ್ರ ನಿನಗ ಬಿಡತೀನಿ."

ನಾನು ಉಳಿದೆ. ಎದ್ದು ಕೂತಾಗ ಕೂದಲು ಗಂಟುಗಟ್ಟಿ, ಕೈಯಷ್ಟು ದಪ್ಪದ ಒಂದೇ ಜಡೆಯಾಗಿ ಬೆನ್ನಿಗೆ ಬಿದ್ದಿತ್ತು. ಹಗ್ಗಕ್ಕಿಂತ ಬಿರುಸು. ಪೂಜಾರಿ ಬಂದು ನೋಡಿ ಕೈಮುಗಿದ. ತಾಯಿ ಜಡೆಯಾಗಿ ಬಂದಿದ್ದಾಳೆ, ಮುಂದಿನ ಹುಣ್ಣಿಮೆಗೆ ಮುತ್ತು ಕಟ್ಟಿಸಬೇಕು, ಅಲ್ಲಿಯವರೆಗೆ ಜಡೆಗೆ ಕತ್ತರಿ, ಹಣಿಗೆ, ನೀರು ತಾಗಬಾರದು ಎಂದ. ಮುತ್ತು ಕಟ್ಟಿಸಿಕೊಂಡವಳು ದೇವಿಯ ಪಾಲು, ಅವಳಿಗೆ ಮದುವೆಯಿಲ್ಲ. ಅದರಾಚೆಗಿನ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ನಾಲ್ಕನೆಯ ದಿನಕ್ಕೆ ಊರ ದೊಡ್ಡ ಗೌಡನ ಮನೆಯಿಂದ ನನಗೆಂದು ಒಂದು ಹಸಿರು ಸೀರೆ ಬಂತು. ಅವ್ವ ಅದನ್ನು ದೇವರ ಮುಂದಿಟ್ಟಳು.

ಆ ತಿಂಗಳ ಸುತ್ತಿನಲ್ಲಿ ಬಂದ ಫಕೀರವ್ವ ಎಂದಿನಂತೆ ಮೊದಲು ತಲೆ ನೋಡಿದಳು. ಜಡೆಯನ್ನು ಮೂಗಿಗೆ ಹಿಡಿದು ಮೂಸಿದಳು. ಅವ್ವ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದಳು. ಫಕೀರವ್ವ ದೇವರ ಮುಂದಿನ ಸೀರೆ ನೋಡಿ, "ಸೀರಿ ಯಾರು ಕಳಿಸ್ಯಾರ?" ಎಂದಳು. ಹೇಳಿದೆ. "ದೇವಿಗೆ ಬಿಟ್ಟ ಹುಡುಗಿನ್ನ ದೇವಿ ಇಟಗೊಳ್ಳೂದಿಲ್ಲ ಮಗಳ. ಸೀರಿ ಕಳಿಸಿದಾಂವ ಇಟಗೋತಾನ. ನಿನಗ ಒಪ್ಪಿಗೀನ?" ಎಂದು ಕೇಳಿದಳು.

ಒಪ್ಪಿಗೆಯೇ ಎಂದು ನನ್ನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನು ಇಲ್ಲ ಎಂದೆ. ಆ ಇಲ್ಲ ಎಷ್ಟು ಜೋರಾಗಿ ಬಂತೆಂದರೆ ಎಮ್ಮೆ ತಿರುಗಿ ನೋಡಿತು.

ಊರಲ್ಲಿ ಉಳಿಯಲು ಅವಳು ಇಮಾಮಸಾಬನಿಂದ ಎತ್ತಿನ ಕಾಲು ಉಳುಕಿದೆ ಎಂದು ಸುಳ್ಳು ಹೇಳಿಸಿ, ಬಂಡಿಯನ್ನು ಊರ ಹೊರಗಿನ ಹುಣಸೆಮರದಡಿ ಬಿಡಿಸಿದಳು. ಆ ಎತ್ತು ಮರದ ಸುತ್ತ ಜಿಗಿದಾಡುತ್ತಿತ್ತು, ಇಮಾಮಸಾಬ ಯಾರಾದರೂ ಬಂದರೆ ಅದರ ಕಾಲಿಗೆ ಬಟ್ಟೆ ಸುತ್ತುತ್ತಿದ್ದ. ಅವ್ವ ಹೊಲಕ್ಕೆ ಹೋದ ಕೂಡಲೇ ಫಕೀರವ್ವ ಬರುತ್ತಿದ್ದಳು. "ಕತ್ತರಿ ತಾಗಸಬಾರದು, ಹಣಗಿ ತಾಗಸಬಾರದು. ಆತು. ಬೆರಳ ತಾಗಸಬಾರದು ಅಂತ ಪೂಜಾರಿ ಅಂದಾನೇನು?" ಎಂದು ಔಡಲೆಣ್ಣೆ ಹಚ್ಚಿ, ಚೀಲ ಹೊಲಿಯುವ ದಬ್ಬಣದ ತುದಿಯಿಂದ ತಳದ ಗಂಟನ್ನು ಸಡಿಲಿಸತೊಡಗಿದಳು. ದಬ್ಬಣ ಪೂಜಾರಿಯ ಪಟ್ಟಿಯಲ್ಲಿ ಇರಲಿಲ್ಲವಲ್ಲ. ದಿನಕ್ಕೆ ನಾಲ್ಕು ಬೆರಳಿನಷ್ಟು ಬಿಡಿಸುತ್ತಿದ್ದಳು. ಬಿಡಿಸಿದ್ದನ್ನು ನಾನು ಸುತ್ತಿ, ಮೇಲೆ ಅರಿವೆ ಕಟ್ಟಿಕೊಂಡು ಅವ್ವನೆದುರು ತಿರುಗುತ್ತಿದ್ದೆ.

ಅವಳು ಹಿಂದೆ, ನಾನು ಮುಂದೆ. ಮುಖ ಕಾಣದಿದ್ದರೆ ಹೆಂಗಸರು ಎಲ್ಲ ಮಾತೂ ಆಡಬಲ್ಲರು. "ಈ ಮೈ ನಿಂದು. ದೇವರ ಹೆಸರ್ಲೆ ಕೇಳಿದ್ರೂ ಕೊಡಬ್ಯಾಡ. ನಾಳೆ ಗಂಡನ ಮನಿಗೆ ಹೋದ್ರ, ಅಲ್ಲೂ ನಿನ್ನ ಮನಸ ಕೇಳಿ ಕೊಡು. ಮನಸಿಲ್ಲದ್ದ ಪಾಪ, ಮನಸಿದ್ದದ್ದಲ್ಲ" ಎಂದಿದ್ದಳು ಒಮ್ಮೆ. ಅರ್ಧ ತಿಳಿಯಿತು, ಅರ್ಧ ಮುಂದೆ ತಿಳಿಯಿತು.

ಒಂಬತ್ತನೆಯ ದಿನ, ನೆತ್ತಿಯ ಹತ್ತಿರ ಒಂದು ಗೇಣು ಉಳಿದಿರುವಾಗ, ಮಳೆ ಹನಿದು ಅವ್ವ ಹೊಲದಿಂದ ಬೇಗ ಬಂದುಬಿಟ್ಟಳು. ಬಾಗಿಲಲ್ಲಿ ನಿಂತು ನನ್ನ ಬೆನ್ನ ಮೇಲೆ ಹರಡಿದ ಕೂದಲು ನೋಡಿದಳು. ಉಡಿಯಲ್ಲಿದ್ದ ಹತ್ತಿ ನೆಲಕ್ಕೆ ಬಿತ್ತು. "ಕೊಂದಿ" ಎಂದಳು, ಅಷ್ಟೆ. ಫಕೀರವ್ವನಿಗೆ ಅಂದಳೋ ನನಗೋ ತಿಳಿಯಲಿಲ್ಲ. ಆಮೇಲೆ ಫಕೀರವ್ವನ ಕೈಯನ್ನು ಹಿಡಿದು ಎಳೆದಳು.

ಫಕೀರವ್ವ ಏಳಲಿಲ್ಲ. "ಕುಂದ್ರ ನಿಂಗವ್ವ. ನನಗೂ ಜಡಿ ಬಂದಿತ್ತು. ನನಗೂ ಮುತ್ತ ಕಟ್ಟಿದ್ರು. ಹತ್ತ ವರ್ಷ ಒಬ್ಬ ದೊಡ್ಡಮನಿಯಾಂವನ ಹಿತ್ತಲ ಬಾಗಲದಾಗ ಹೊಕ್ಕು ಹಿತ್ತಲ ಬಾಗಲದಾಗ ಹೊಂಟೆ. ಒಂದಿನ ಹಳ್ಳಕ್ಕ ಹೋಗಿ ನಾನ ಜಡಿ ಬಿಡಿಸಿದ್ನಿ, ನಾನ ಕತ್ತರಿಸಿದ್ನಿ, ತೊಳದು ಚವರಿ ಕಟ್ಟಿದ್ನಿ. ಅವನ ಹೆಂಡ್ತಿಗೇ ಮಾರಿದ್ನಿ. ಅಕಿ ಹೂವ ಮುಡಕೊಂಡು ಮೆರದಳು. ನಾ ಹಿತ್ತಲದಾಗ ಹೋಗತಿದ್ದ ಮನಿಗೆ ನನ್ನ ಕೂದಲ ಮುಂದಿನ ಬಾಗಲದಾಗ ಹೋತು. ಅಕಿಗೆ ಏನೂ ಆಗಲಿಲ್ಲ, ಮೂರ ಗಂಡ ಮಕ್ಕಳನ್ನ ಹಡದಳು. ನನಗೂ ಏನೂ ಆಗಲಿಲ್ಲ, ನೋಡ, ನಿನ್ನ ಮುಂದ ಕುಂತೇನಿ."

ಅವ್ವ ಕೇಳಿಸಿಕೊಂಡಂತೆ ಕಾಣಲಿಲ್ಲ. "ನಾ ಮಾತ ಕೊಟ್ಟೇನಿ. ಮೂರ ಮಕ್ಕಳು ಹೋದ್ವು" ಎಂದಳು. ಆಗ ಫಕೀರವ್ವ ಉಳಿದಿದ್ದ ಒಂದು ಗೇಣು ಗಂಟನ್ನು ಎತ್ತಿ ಅವಳ ಮೂಗಿನ ಬಳಿ ಹಿಡಿದಳು. "ಮೂಸಿ ನೋಡು. ಬೇವು, ಭಂಡಾರ. ಒಂದೂವರಿ ತಿಂಗಳ ನೀ ಮೆತ್ತಿದ್ದು. ಒಣಗಿ ಗಚ್ಚಿನಂಗ ಆಗೇತಿ. ಇದು ದೇವಿ ಅಲ್ಲ ನಿಂಗವ್ವ. ಇದು ನಿನ್ನ ಕೈ. ಮಗಳ ಮ್ಯಾಲಿನ ಜೀವಕ್ಕ ನೀನ ಕಟ್ಟಿದ ಜಡಿ."

ಅವ್ವ ಮೂಸಿದಳು. ತನ್ನ ಅಂಗೈಯನ್ನೂ ನೋಡಿಕೊಂಡಳು. ಹೊರಗೆ ಮಳೆ ನಿಂತಿತು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿ ನಾನು ಇನ್ನೊಮ್ಮೆ ಕೂತಿಲ್ಲ. ಕೊನೆಗೆ ಅವ್ವ ಫಕೀರವ್ವನನ್ನು ಪಕ್ಕಕ್ಕೆ ಸರಿಸಿ, ನನ್ನ ಹಿಂದೆ ಕೂತು, ದಬ್ಬಣ ಕಸಿದುಕೊಂಡಳು. "ನಾನ ಕಟ್ಟಿದ್ದಾದ್ರ ನಾನ ಬಿಡಸ್ತೀನಿ. ಪಾಪ ಬಂದ್ರ ನನ್ನ ಕೈಗೆ ಬರಲಿ" ಎಂದಳು. ದಬ್ಬಣ ಎರಡು ಸಲ ನನ್ನ ನೆತ್ತಿಗೆ ಚುಚ್ಚಿತು. ನಾನು ಮಿಸುಕಲಿಲ್ಲ. ಅವಳ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಅವತ್ತು ಹೋಯಿತು.

ಸಂಜೆ ನನ್ನ ತಲೆಗೆ ನೀರು ಹಾಕಿ, ಹಸಿರು ಸೀರೆಯನ್ನು ಬಗಲಲ್ಲಿ ಹಿಡಿದು ಗೌಡನ ಮನೆಗೆ ಹೋದಳು. ಜನ ಕೂತಿದ್ದ ಕಟ್ಟೆಯ ಮೇಲೆ ಸೀರೆ ಇಟ್ಟು, "ಗೌಡ್ರ, ಇದು ನಮ್ಮ ಮನಿ ಅಳತಿ ಅಲ್ರಿ" ಎಂದು ತಿರುಗಿ ಬಂದಳು. ಆ ಸುಗ್ಗಿಯಲ್ಲಿ ನಮ್ಮೂರಲ್ಲಿ ಯಾರೂ ಅವಳನ್ನು ಕೂಲಿಗೆ ಕರೆಯಲಿಲ್ಲ. ಪಕ್ಕದೂರಿಗೆ ನಡೆದು ಹೋಗಿ ದುಡಿದಳು.

ಆದರೆ ಅವ್ವ ಅವ್ವನೇ. ಮರುದಿನದಿಂದ ತನ್ನ ತಲೆಗೆ ಎಣ್ಣೆ ಮುಟ್ಟಿಸಲಿಲ್ಲ, ಹಣಿಗೆ ಹಿಡಿಯಲಿಲ್ಲ. ಮಗಳನ್ನು ಕೇಳಿದ್ದ ದೇವಿಗೆ ತನ್ನನ್ನು ಬದಲಿ ಕೊಟ್ಟಿದ್ದಳು. ಆರು ತಿಂಗಳಲ್ಲಿ ಅವಳ ತಲೆಯಲ್ಲಿ ನಿಜವಾದ ಜಡೆ ಕಟ್ಟಿತು. ನಾನು ಅತ್ತೆ, ಬೈದೆ, ಉಪವಾಸ ಕೂತೆ. "ನೀ ಕೆಮ್ಮಿದ್ರ ನನಗ ಜೀವ ಹೋಕ್ಕೈತಿ. ಇದೊಂದ ಇರಲಿ ಬಿಡು" ಎನ್ನುತ್ತಿದ್ದಳು. ಫಕೀರವ್ವ ಪ್ರತಿ ತಿಂಗಳೂ ಬಾಗಿಲಿಗೆ ಬಂದು, "ನಿಂಗವ್ವ, ತಲಿ ಕೊಡ" ಎನ್ನುತ್ತಿದ್ದಳು. ಅವ್ವ ಸೆರಗು ಬಿಗಿ ಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ಹತ್ತು ವರ್ಷ ಹೀಗೇ ನಡೆಯಿತು. ನಡುವೆ ನಾನೇ ಒಪ್ಪಿದವನ ಜೊತೆ ನನ್ನ ಮದುವೆಯಾಯಿತು. ಚವರಿ ಕೊಡು ಎಂದರೆ ಫಕೀರವ್ವ ನಕ್ಕು, "ನಿನಗ ಯಾಕ ಬೇಕ? ನಿನ್ನ ಕೂದಲದಾಗ ಒಂಬತ್ತ ದಿನದ ನನ್ನ ದುಡಿಮಿ ಐತಿ" ಎಂದಳು. ಆದರೆ ಅವ್ವನ ಕಡೆ ಕಣ್ಣು ಹಾಯಿಸಿ, "ಊರಾಗಿನ ತಲಿ ಎಲ್ಲಾ ಸಿಕ್ಕಾವ, ಅದೊಂದ ಸಿಗವಲ್ದು" ಎಂದು ಸೋತವಳಂತೆ ಎದ್ದು ಹೋದಳು.

ರಜಾಕಾರರ ಗದ್ದಲ ಮುಗಿದ ಮರುವರ್ಷ ಅವ್ವ ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸುತ್ತಾರೆ. ಅವ್ವ ವಿಭೂತಿ ಹಚ್ಚಿಕೊಂಡು, ಯಾರೋ ತಲೆ ಬಾಚಲಿ ಎಂದು ಕಾದು ಕೂತವಳ ಹಾಗೆ ಕೂತಿದ್ದಳು. ಮಧ್ಯಾಹ್ನ ಇನ್ನೇನು ಎತ್ತಬೇಕು ಎನ್ನುವಾಗ ಫಕೀರವ್ವ ಬಂದಳು. ಇಮಾಮಸಾಬ ತೀರಿಕೊಂಡು ಆರು ತಿಂಗಳಾಗಿತ್ತು, ಬಂಡಿಯಿರಲಿಲ್ಲ, ನಡೆದೇ ಬಂದಿದ್ದಳು. ಯಾರನ್ನೂ ಕೇಳದೆ ಅವ್ವನನ್ನು ಗೋಡೆಯಿಂದ ಒಂದಿಷ್ಟು ಮುಂದೆ ಸರಿಸಿ, ತನ್ನ ಎದೆಗೆ ಆನಿಸಿಕೊಂಡು ಹಿಂದೆ ಕೂತಳು. ಸೊಂಟದ ಚೀಲದಿಂದ ಎಣ್ಣೆ ಬಾಟಲಿ, ದಬ್ಬಣ ತೆಗೆದಳು.

ಹಿರಿಯರು ಹೌಹಾರಿದರು. "ಮಣ್ಣಿಗೆ ಹೋಗೂ ತಲಿ, ಏನ ಮಾಡಾಕತ್ತಿ? ಹೊತ್ತ ಮುಣಗತೈತಿ."

"ತಡೀರಿ. ಸತ್ತಾಕಿಗೆ ಅವಸರ ಇಲ್ಲ, ನಿಮಗ್ಯಾಕ?"

"ಅದು ದೇವೀ ಜಡಿ."

"ದೇವಿ ಹತ್ತ ವರ್ಷ ಇಟಗೊಂಡಾಳ, ಸಾಕು. ಮಣ್ಣಿಗೆ ಹೋಗೂ ಮುಂದಾದ್ರೂ ಈಕಿ ತಲಿ ಈಕೀದ ಆಗಲಿ." ಆಮೇಲೆ ನನ್ನತ್ತ ನೋಡಿದಳು. "ಮಗಳಾದಾಕಿ ನೀ. ಬ್ಯಾಡಂದ್ರ ಏಳತೀನಿ."

ಅವ್ವ ಇದ್ದಿದ್ದರೆ ಬೇಡ ಎನ್ನುತ್ತಿದ್ದಳು. ಅದು ನನಗೆ ಗೊತ್ತಿತ್ತು. ನಾನು ಜಡೆಯ ತುದಿಯನ್ನು ನನ್ನ ಮಡಿಲಿಗೆ ಎಳೆದುಕೊಂಡು ಹಿರಿಯರತ್ತ ತಿರುಗಿ, "ಯಾರೂ ಮುಟ್ಟಬ್ಯಾಡ್ರಿ. ಮುಗದ ಮ್ಯಾಲ ಹೇಳತೀನಿ" ಎಂದೆ. ಅವಳು ಮೇಲಿನಿಂದ, ನಾನು ತಳದಿಂದ ಬಿಡಿಸುತ್ತ ಬಂದೆವು. ಬೇವು, ಭಂಡಾರದ ಗಚ್ಚಿಲ್ಲದ ಆ ಜಡೆ ನನ್ನದಕ್ಕಿಂತ ಬೇಗ ಬಿಟ್ಟುಕೊಟ್ಟಿತು. ಅವಳ ಬೆರಳು ಸೆಟೆದುಹೋಗಿದ್ದವು, ಒಂದೊಂದು ಗಂಟಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಕಾದು ಕಾದು ಕೆಲವರು ಬೈಯುತ್ತ ಎದ್ದು ಹೋದರು, ಹೋದವರು ಮತ್ತೆ ಬಂದರು. ಹೊತ್ತು ಗುಡ್ಡದ ಹಿಂದೆ ಸರಿಯುವಾಗ ನಮ್ಮಿಬ್ಬರ ಕೈ ನಡುವಿನಲ್ಲಿ ತಾಗಿದವು. ಅವ್ವನ ಕೂದಲು ಅರ್ಧ ಬೆಳ್ಳಗಾಗಿತ್ತು. ಅದು ನನಗೆ ಗೊತ್ತೇ ಇರಲಿಲ್ಲ. ಫಕೀರವ್ವ ಬಾಚಿ ಮೂರೆಳೆಯ ಜಡೆ ಹೆಣೆದಳು.

ಆಮೇಲೆ ಎದ್ದು ಮುಂದೆ ಬಂದು, ಅವ್ವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. "ಹೋಗಿ ಬಾ" ಎಂದಳು.

ನೆಲದ ಮೇಲೆ ಉದುರಿದ್ದ ಕೂದಲನ್ನು ಗುಡಿಸಿ ಉಂಡೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಹೆಣದ ಕೂದಲು ಎಂದು ಯಾರೋ ಛೀ ಎಂದರು, ಅವಳು ತಿರುಗಿ ನೋಡಲಿಲ್ಲ. ನನ್ನ ಅಂಗೈಯಲ್ಲಿ ಒಂದು ಸೂಜಿ ಇಟ್ಟು, "ಪುಕ್ಕಟ ಕೂದಲ ನಾ ಯಾರ ಹತ್ರಾನೂ ತಗೊಂಡಿಲ್ಲ" ಎಂದು ಹೊರಟಳು. ಅದೇ ಕೊನೆ. ಮುಂದಿನ ತಿಂಗಳು ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಗಂಡನನ್ನು ಕಳಿಸಿ ವಿಚಾರಿಸಿದೆ, ಮನೆಗೆ ಬೀಗ ಬಿದ್ದಿತ್ತಂತೆ.

ಅವ್ವನ ಕೂದಲು ಯಾವ ಚವರಿ ಸೇರಿತೋ, ಯಾರ ಮದುವೆಯಲ್ಲಿ ಹೂವು ಮುಡಿಯಿತೋ ನನಗೆ ಗೊತ್ತಿಲ್ಲ. ಮುಂದಿನ ಬಾಗಿಲಿನಿಂದಲೇ ಹೋಗಿರುತ್ತದೆ.