ಐದು ಅಂಕದ ಉತ್ತರ

ಬಿ.ಎ. ಸಮಾಜಶಾಸ್ತ್ರ ಮುಗಿಸಿ ಮನೆಯಲ್ಲಿ ಕೂತಿದ್ದಾಗ ಕಾಕಾ ಬಂದಾಗಲೆಲ್ಲ ಒಂದೇ ರಾಗ: ಸಮಾಜ ಓದಿದ್ದಾಯ್ತು, ಇನ್ನು ರೊಟ್ಟಿ ಬಡಿಯುವುದು ಕಲಿ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಜೊತೆಗೆ ಓದಿದವಳೊಬ್ಬಳು ಜೇವರ್ಗಿಯಲ್ಲಿ ಗಂಡ ಹೆಂಡಿರ ಜಗಳ ಬಗೆಹರಿಸುವ ಆಪ್ತ ಸಮಾಲೋಚಕಿಯಾಗಿದ್ದಳು. ಅಫಜಲಪುರದ ಗೆಳೆಯ ಘತ್ತರಗಿಯ ಗುಡಿಯಲ್ಲಿ ಅಮಾವಾಸ್ಯೆಗೆ ಬರುವ ಭಕ್ತರ ಸಾಲು ನೋಡಿಕೊಳ್ಳುತ್ತಿದ್ದ. ಅದನ್ನು ಹೇಳಿದರೆ ಕಾಕಾ, ಅಷ್ಟಕ್ಕೆ ಬಿ.ಎ. ಯಾಕೆ ಬೇಕು ಎನ್ನುತ್ತಿದ್ದ. ಮನೆಯಲ್ಲಿ ನನ್ನ ಪರ ಇದ್ದವನು ಮುತ್ಯಾ ಒಬ್ಬನೇ, ಅಪ್ಪನ ಅಪ್ಪ. ಹುಡುಗಿಗೆ ಓದು ಸಾಕೆಂದು ಎಲ್ಲರೂ ಹೇಳಿದಾಗ ಹಟ ಹಿಡಿದು ನನ್ನನ್ನು ಕಾಲೇಜಿಗೆ ಕಳಿಸಿದವನು ಅವನು.

ಕೊನೆಗೆ ಆಳಂದದ ಹೊರಗಿನ ಬೇಳೆ ಮಿಲ್ಲೊಂದರಲ್ಲಿ ಹೆಣ್ಣಾಳುಗಳ ಮೇಲ್ವಿಚಾರಣೆಯ ಕೆಲಸ ಸಿಕ್ಕಿತು. ಮಟಕಿ ಊರಿನ ಕಡೆಯಿಂದ ಟಂಟಂ ಗಾಡಿ ಹತ್ತಿ ಬರುವ ಹೆಂಗಸರು ಅಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಮೊದಲೆಲ್ಲ ನೆಲದ ಮೇಲೆ ಕೂತು ಮಾಡುತ್ತಿದ್ದರಂತೆ. ಸೊಲ್ಲಾಪುರದಿಂದ ಬಂದ ಹೊಸ ಮಾಲೀಕ ಸೊಂಟದೆತ್ತರಕ್ಕೆ ಬೇಳೆ ಹರಿದು ಬರುವ ಬೆಲ್ಟು ಹಾಕಿಸಿದ ಮೇಲೆ ನಿಂತೇ ಆರಿಸಬೇಕಾಯಿತು. ಕಾಲು ಬಾತುಕೊಳ್ಳುತ್ತವೆಂದು ಅವನೇ ಎತ್ತರದ ಕುರ್ಚಿಗಳನ್ನೂ ತರಿಸಿದ. ಅವುಗಳ ಮೇಲೆ ಒಬ್ಬಳೂ ಕೂಡಲಿಲ್ಲ. ನಿಂತು ನಿಂತು ಸುಸ್ತಾಗಿ ಬೇಳೆಯಲ್ಲಿ ಹರಳು ಉಳಿಯತೊಡಗಿದವು. ಇದು ಬರೀ ಮೊಂಡುತನ, ಈ ವಾರ ಕೂಡದಿದ್ದರೆ ಎಲ್ಲರನ್ನೂ ಬಿಡಿಸಿ ಆರಿಸುವ ಯಂತ್ರ ತರುತ್ತೇನೆ ಎಂದ ಮಾಲೀಕ. ಅವರ ಕೆಲಸ ಹೋದರೆ ನನ್ನದೂ ಹೋದ ಹಾಗೆಯೇ.

ಯಾಕೆ ಕೂಡುವುದಿಲ್ಲ ಎಂದು ಕೇಳಿದರೆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಸಿಟ್ಟು ನುಂಗಿಕೊಂಡು ನಾನೂ ಅವರ ಪಕ್ಕ ನಿಂತು ಬೇಳೆ ಆರಿಸಿದೆ. ಚೀಲ ಹೊರುವ ಹಮಾಲರು ಚಹಾಕ್ಕೆ ಹೊರಗೆ ಹೋದರು. ಆಗ ಒಬ್ಬ ಹೊಸ ಸೊಸೆ ಮೆಲ್ಲನೆ ಕುರ್ಚಿಯ ಮೇಲೆ ಕೂತು ಪಾದ ತಿಕ್ಕಿಕೊಂಡಳು. ಹಮಾಲರು ಬಾಗಿಲಲ್ಲಿ ಕಂಡದ್ದೇ ತಡ, ಸೆರಗು ಎಳೆದುಕೊಂಡು ದಡಕ್ಕನೆ ಎದ್ದಳು.

"ಯಾಕ ಎದ್ದಿ ಬೇ?" ಎಂದೆ.

"ಅಲ್ಲಿ ಚೀಲ ಹೊರಾಕತ್ತಾರಲ್ರಿ, ಅವರು ನಮ್ಮ ಮಾವ. ಅವರ ಮುಂದ ಕುರ್ಚಿ ಮ್ಯಾಲ ಹ್ಯಾಂಗ ಕುಂದ್ರಲಿರಿ?"

ಉಳಿದವರದೂ ಅದೇ ಕಥೆ. ಒಬ್ಬಳಿಗೆ ಮಾವ, ಇನ್ನೊಬ್ಬಳಿಗೆ ಭಾವ, ಸ್ವಂತದವರು ಇಲ್ಲದವರಿಗೆ ಊರ ವರಸೆಯ ಮಾವಂದಿರು. ನಾನು ಬೆಚ್ಚಿಬಿದ್ದೆ. ಸೊಸೆ ಮಾವನಿಂದ ದೂರ ಉಳಿಯುವ ರೂಢಿಯನ್ನು ವಿವರಿಸಿ ಎಂಬುದು ನನ್ನ ಪರೀಕ್ಷೆಯಲ್ಲಿ ಬಂದ ಐದು ಅಂಕದ ಪ್ರಶ್ನೆ. ಐದಕ್ಕೆ ಐದೂ ಬಿದ್ದಿದ್ದವು. ಪುಸ್ತಕದಲ್ಲಿದ್ದ ಉದಾಹರಣೆ ಯಾವುದೋ ದೂರ ದೇಶದ ಕಾಡಿನದು. ನಾನೂ ಆ ಕಾಡನ್ನೇ ಬರೆದು ಬಂದಿದ್ದೆ.

ಮಾಲೀಕನಿಗೆ ಹೇಳಿ ಹಮಾಲರಿಗೂ ಹೆಂಗಸರಿಗೂ ನಡುವೆ ಒಂದು ತಾಡಪತ್ರಿಯ ಪರದೆ ಇಳಿಬಿಡಿಸಿದೆ. ಮರುದಿನ ಎಲ್ಲರೂ ಕೂತರು. ಇಷ್ಟೇನಾ ಎಂದು ಮಾಲೀಕ ದಂಗಾಗಿ ನಿಂತ. ಯಂತ್ರದ ಮಾತು ಅಲ್ಲಿಗೇ ಬಿತ್ತು.

ಆ ಸಂಜೆ ಕಾಲು ನೆಲದ ಮೇಲೆ ನಿಲ್ಲದ ಹಾಗೆ ಮನೆಗೆ ಬಂದೆ. ಮುತ್ಯಾ ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತಿದ್ದ. ಅವ್ವ ಅಡುಗೆಮನೆಯಲ್ಲಿ ಗ್ಯಾಸಿನ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಇಲ್ಲವಲ್ಲ ಎಂದು ಹಳಹಳಿಸುತ್ತ, ಮಿಲ್ಲಿನ ಕಥೆಯನ್ನು ಇಬ್ಬರಿಗೂ ಕೇಳುವ ಹಾಗೆ ಹೇಳತೊಡಗಿದೆ. ಅವ್ವ ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಹಾಕುತ್ತಿದ್ದಳು. ಮಂಡಿನೋವಿಗೆ ಡಾಕ್ಟರು ಕೂತು ಅಡುಗೆ ಮಾಡಲು ಹೇಳಿದ್ದರು, ಅಪ್ಪ ಸ್ಟೂಲು ತಂದುಕೊಟ್ಟಿದ್ದ. ಆ ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬಿ ಕೂತಿತ್ತು. ಅಡುಗೆಮನೆಗೆ ಕದವಿಲ್ಲ. ಅದರ ನೇರ ಎದುರಿಗೆ ಮುತ್ಯಾನ ಹೊರಸು.

ಕಥೆಯನ್ನು ಅರ್ಧಕ್ಕೇ ಬಿಟ್ಟೆ. ಹುಟ್ಟಿದಾಗಿನಿಂದ ನಾನು ಬೆಳೆದ ಮನೆ ಇದು. ಅವ್ವ ಮುತ್ಯಾನ ಮುಂದೆ ಕುರ್ಚಿಯಲ್ಲಿ ಕೂತದ್ದು ಎಷ್ಟು ನೆನೆದರೂ ನೆನಪಾಗಲಿಲ್ಲ. ಅವನ ಜೊತೆ ಮಾತಾಡಿದ್ದೂ ಇಲ್ಲ. ಊಟಕ್ಕೆ ಕರೆಯಬೇಕಾದರೂ ನನ್ನನ್ನೇ ಕಳಿಸುತ್ತಿದ್ದಳು.

ಒಂದು ಹಳೆಯ ಸೀರೆ ತಂದು ಅಡುಗೆಮನೆಯ ಬಾಗಿಲಿಗೆ ಕಟ್ಟಲು ಹೋದೆ. ಅದು ಯಾಕೆ ಎಂದು ಮುತ್ಯಾ ಕೇಳಿದ. ನೀನು ಕಾಣದಿದ್ದರೆ ಅವ್ವ ಕೂಡುತ್ತಾಳೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವನ ಮುಖ ಸಣ್ಣದಾಯಿತು.

"ನಾ ಎಂದಾರ ಆಕಿಗಿ ಕುಂದ್ರಬ್ಯಾಡ ಅಂದೀನೇನು?" ಎಂದು ನನ್ನನ್ನು ಕೇಳಿದ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಕುಂದ್ರು ಅಂತನೂ ನೀವು ಎಂದೂ ಅಂದಿಲ್ರಿ."

ಅದು ಅವ್ವನ ದನಿ. ಸೀರೆಯ ತುದಿ ನನ್ನ ಕೈಯಲ್ಲೇ ಉಳಿಯಿತು. ಮುತ್ಯಾ, ಆ ಡಬ್ಬಿ ಕೆಳಗಿಡು ಎಂದು ನನಗೆ ಹೇಳಿದ. ಇಳಿಸಿ ಇಟ್ಟೆ. ಅವ್ವ ಹೆಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿದಳು, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು, ಆಮೇಲೆ ಸ್ಟೂಲು ಎಳೆದುಕೊಂಡು ಅವನೆದುರಿಗೇ ಕೂತಳು.